ದಾರಿ ಜೋಡಿಸುವ ಕಾರ್ಡ್ ಪಜಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದಲ್ಲಿ ಎರಡು ಪದ ಮತ್ತೆ ಮತ್ತೆ ಬರುತ್ತವೆ. "ಬಾಯಿ" ಅಂದರೆ ಕಾರ್ಡಿನ ಅಂಚಿಗೆ ಬಂದು ತೆರೆದುಕೊಳ್ಳುವ ದಾರಿಯ ತುದಿ. "ಮನೆ" ಅಂದರೆ ಒಂದು ಕಾರ್ಡ್ ಕೂರುವ ಜಾಗ.

ಇದು ಎಂಥ ಆಟ?

ಪ್ರತಿ ಕಾರ್ಡಿನ ಮೇಲೆ ದಾರಿಯ ಒಂದು ತುಂಡು ಇರುತ್ತದೆ. ಪಕ್ಕಪಕ್ಕದ ಎರಡು ಕಾರ್ಡ್ ಸೇರುವ ಅಂಚಿನಲ್ಲಿ ಎರಡೂ ಕಡೆ ಬಾಯಿ ಇರಬೇಕು, ಇಲ್ಲವೇ ಎರಡೂ ಕಡೆ ಮುಚ್ಚಿರಬೇಕು. ಕೊಟ್ಟ ಕಾರ್ಡುಗಳನ್ನೆಲ್ಲ ಬಳಸಿ, ಯಾವ ಬಾಯಿಯೂ ಹೊರಗೆ ತೆರೆದುಕೊಳ್ಳದಂತೆ, ಎಲ್ಲವೂ ಒಂದೇ ಜಾಲವಾಗುವಂತೆ ಇಟ್ಟರೆ ಪಜಲ್ ಬಿಟ್ಟಿತು. ನಿಯಮ ಇಷ್ಟೇ. ಒಬ್ಬರೇ ಕೂತು ಬಿಡಿಸಬಹುದು, ಇಬ್ಬರು ಸೇರಿಯೂ ಬಿಡಿಸಬಹುದು.

ಒಟ್ಟು ಎಷ್ಟು ಬಗೆಯ ಕಾರ್ಡ್ ಇರಲು ಸಾಧ್ಯ?

ಚೌಕ ಕಾರ್ಡಿಗೆ ನಾಲ್ಕು ಬದಿ, ಪ್ರತಿ ಬದಿಯಲ್ಲಿ ಬಾಯಿ ಇರಬಹುದು ಅಥವಾ ಇಲ್ಲದಿರಬಹುದು. ಹಾಗಾಗಿ 16 ವಿನ್ಯಾಸ. ಆದರೆ ಕಾರ್ಡನ್ನು ಸುತ್ತಿಸಿ ಇಡಬಹುದಾದ್ದರಿಂದ ಇವುಗಳಲ್ಲಿ ನಿಜವಾಗಿ ಬೇರೆ ಬೇರೆಯಾದವು 6 ಮಾತ್ರ: ಖಾಲಿ, ಡೆಡ್ ಎಂಡ್ (1 ಬಾಯಿ), ನೇರ (2), ತಿರುವು (2), ಮೂರುದಾರಿ (3), ನಾಲ್ಕುದಾರಿ (4). ಖಾಲಿ ಕಾರ್ಡನ್ನು ಹೆಚ್ಚಿನ ಆಟಗಳು ಬಿಟ್ಟೇಬಿಡುತ್ತವೆ. ಉಳಿದ ಐದು ಬಗೆಯಲ್ಲೇ ಇಡೀ ಆಟ ನಡೆಯುತ್ತದೆ.

ಆರು ಮೂಲೆಯ ಕಾರ್ಡಾದರೆ ಇದೇ ಲೆಕ್ಕದಲ್ಲಿ 14 ಬಗೆ ಬರುತ್ತವೆ. ಚೌಕದ ಪ್ರತಿ ಬದಿಗೂ ಎರಡೆರಡು ಬಾಯಿ ಕೊಟ್ಟು, ಎಂಟು ಬಾಯಿಗಳನ್ನು ಜೋಡಿ ಜೋಡಿಯಾಗಿ ದಾರಿಯಿಂದ ಸೇರಿಸಿದರೆ 105 ವಿಧ. ಸುತ್ತಿಸಿದಾಗ ಒಂದೇ ಆಗುವವನ್ನು ಕಳೆದರೆ ಉಳಿಯುವುದು ಸರಿಯಾಗಿ 35. ತ್ಸುರೋ ಎಂಬ ಬೋರ್ಡ್ ಆಟದ ಕಟ್ಟಿನಲ್ಲಿ 35 ದಾರಿ ಬಿಲ್ಲೆ ಇರುವುದು ಇದೇ ಕಾರಣಕ್ಕೆ. ಪ್ರತಿ ಬಗೆಯದೂ ಒಂದೊಂದೇ.

ಚೌಕ ಕಾರ್ಡ್ ಒಳ್ಳೆಯದೋ, ಇಸ್ಪೀಟ್ ಎಲೆಯಂಥ ಉದ್ದ ಕಾರ್ಡ್ ಒಳ್ಳೆಯದೋ?

ಪಜಲ್‌ಗೆ ಚೌಕವೇ ಒಳ್ಳೆಯದು. ಉದ್ದ ಕಾರ್ಡಿನ ಸಾಮಾನ್ಯ ಅಳತೆ 63 × 88 ಮಿ.ಮೀ. ಅದನ್ನು ಕಾಲು ಸುತ್ತು ತಿರುಗಿಸಿದರೆ ಸಾಲು ಒಡೆಯುತ್ತದೆ, ಆದ್ದರಿಂದ ಅರ್ಧ ಸುತ್ತು ಮಾತ್ರ ತಿರುಗಿಸಲು ಬರುತ್ತದೆ. ಆಗ 6 ಬಗೆಯ ಬದಲು 10 ಬಗೆ ಆಗುತ್ತವೆ: ಅಡ್ಡ ನೇರ ಬೇರೆ, ಉದ್ದ ನೇರ ಬೇರೆ, ಎಡಕ್ಕೆ ತಿರುಗುವ ತಿರುವು ಬೇರೆ, ಬಲಕ್ಕೆ ತಿರುಗುವುದು ಬೇರೆ. ಸ್ಯಾಬೊಟರ್ ಎಂಬ ಕಾರ್ಡ್ ಆಟದಲ್ಲಿ ದಾರಿ ಕಾರ್ಡನ್ನು ತಲೆಕೆಳಗು ಮಾಡಬಹುದು, ಅಡ್ಡ ಇಡುವಂತಿಲ್ಲ ಎಂಬ ನಿಯಮ ಇದೆ, ಅದರ ಮೂಲ ಇಲ್ಲಿದೆ.

ಉದ್ದ ಕಾರ್ಡಿಗೂ ಒಂದು ಅನುಕೂಲ ಇದೆ. ಕೈಯಲ್ಲಿ ಬೀಸಣಿಗೆಯಂತೆ ಹಿಡಿಯಲು, ಕಲಸಲು ಸಲೀಸು. ಕಟ್ಟಿನಿಂದ ಕಾರ್ಡ್ ಎತ್ತುತ್ತಾ ಆಡುವ ಆಟಕ್ಕೆ ಅದು ಸರಿ. ಎಲ್ಲ ಕಾರ್ಡನ್ನೂ ಮೇಜಿನ ಮೇಲೆ ಹರಡಿಕೊಂಡು ಯೋಚಿಸುವ ಆಟಕ್ಕೆ ಚೌಕವೇ ಬೇಕು.

ಜಾಗದ ಲೆಕ್ಕವನ್ನೂ ನೋಡಿ. ಉದ್ದ ಕಾರ್ಡ್ 3 × 3 ಇಟ್ಟರೆ 189 × 264 ಮಿ.ಮೀ., ಎ4 ಹಾಳೆಯೊಳಗೆ ಕೂರುತ್ತದೆ. 4 × 4 ಇಟ್ಟರೆ 252 × 352 ಮಿ.ಮೀ., ರೈಲಿನ ಮಡಚು ಮೇಜಿಗೆ ದೊಡ್ಡದಾಯಿತು.

ಬರೀ ಒಂಬತ್ತು ಕಾರ್ಡ್ ಅಂದರೆ ಎರಡು ನಿಮಿಷದಲ್ಲಿ ಮುಗಿಯುವುದಿಲ್ಲವೇ?

ಒಂಬತ್ತು ಬೇರೆ ಬೇರೆ ಕಾರ್ಡನ್ನು ಒಂಬತ್ತು ಮನೆಗಳಲ್ಲಿ ಇಡುವ ಕ್ರಮಗಳೇ 3,62,880. ಚೌಕ ಕಾರ್ಡಾದರೆ ಪ್ರತಿಯೊಂದಕ್ಕೂ ನಾಲ್ಕು ದಿಕ್ಕು. ಇಡೀ ಜೋಡಣೆಯನ್ನು ಸುತ್ತಿಸಿ ನೋಡಿದರೆ ಒಂದೇ ಆಗುವವನ್ನು ಕಳೆದ ಮೇಲೂ 2,378 ಕೋಟಿಗಿಂತ ಹೆಚ್ಚು ಜೋಡಣೆ ಉಳಿಯುತ್ತವೆ. ಒಂದೇ ಬಗೆಯ ಕಾರ್ಡುಗಳು ಹಲವು ಇದ್ದಾಗ ಈ ಸಂಖ್ಯೆ ಬಹಳ ಇಳಿಯುತ್ತದೆ ನಿಜ. ಆದರೂ ಸುಮ್ಮನೆ ಇಟ್ಟು ನೋಡಿ ತೆಗೆಯುವ ದಾರಿಯಲ್ಲಿ ಉತ್ತರಕ್ಕೆ ಬಡಿಯುವ ಅವಕಾಶ ಕಡಿಮೆ.

ಪೆಟ್ಟಿಗೆಯ ಮೇಲಿನ ಕಾರ್ಡ್ ಸಂಖ್ಯೆ ನೋಡಿ ಆಟ ಸುಲಭ, ಕಷ್ಟ ಎಂದು ತೀರ್ಮಾನಿಸಬೇಡಿ. ನೋಡಬೇಕಾದ್ದು ಕಟ್ಟಿನ ಮಿಶ್ರಣ: ಡೆಡ್ ಎಂಡ್ ಎಷ್ಟು, ಮೂರುದಾರಿ ಎಷ್ಟು, ತಿರುವು ಎಷ್ಟು. ಹದ ತಪ್ಪಿದ 40 ಕಾರ್ಡಿಗಿಂತ ಹದವಾದ 9 ಕಾರ್ಡ್ ಮೇಲು.

ಎಷ್ಟು ಹೊತ್ತು ಕೂತರೂ ಬಿಡುತ್ತಿಲ್ಲ. ಪಜಲ್‌ನಲ್ಲೇ ತಪ್ಪಿದೆಯೇ ಎಂದು ಹೇಗೆ ತಿಳಿಯುವುದು?

ಒಂದು ಕಾರ್ಡನ್ನೂ ಇಡದೆ ಎರಡು ಲೆಕ್ಕ ಮಾಡಬಹುದು.

ಮೊದಲನೆಯದು ಸರಿ-ಬೆಸ. ಪ್ರತಿ ಜೋಡಣೆಗೆ ಎರಡು ಬಾಯಿ ಬೇಕು, ಆದ್ದರಿಂದ ಒಟ್ಟು ಬಾಯಿ ಸರಿಸಂಖ್ಯೆಯಲ್ಲಿರಬೇಕು. ಡೆಡ್ ಎಂಡ್ ಮತ್ತು ಮೂರುದಾರಿ ಎರಡನ್ನೂ ಸೇರಿಸಿ ಎಣಿಸಿ. ಆ ಮೊತ್ತ ಬೆಸವಾದರೆ ಎಲ್ಲ ಬಾಯಿ ಮುಚ್ಚಲು ಎಂದೂ ಆಗದು.

ಎರಡನೆಯದು ಇನ್ನೂ ಚೂಪಾದದ್ದು. ದಾರಿ ಎಲ್ಲೂ ಸುತ್ತಿ ಬಂದು ಉಂಗುರವಾಗದೆ ಒಂದೇ ಜಾಲವಾಗಬೇಕಾದರೆ, ಡೆಡ್ ಎಂಡ್‌ಗಳ ಸಂಖ್ಯೆ = 2 + ಮೂರುದಾರಿಗಳು + (ನಾಲ್ಕುದಾರಿಗಳು × 2). ಉಂಗುರಗಳಿಗೆ ಅವಕಾಶ ಇದ್ದರೆ ಪ್ರತಿ ಉಂಗುರಕ್ಕೆ ಈ ಮೊತ್ತದಿಂದ 2 ಕಳೆಯಿರಿ. ಉದಾಹರಣೆಗೆ 18 ಕಾರ್ಡಿನ ಒಂದು ಕಟ್ಟು: 4 ಡೆಡ್ ಎಂಡ್, 3 ನೇರ, 6 ತಿರುವು, 4 ಮೂರುದಾರಿ, 1 ನಾಲ್ಕುದಾರಿ. ಸೂತ್ರದ ಪ್ರಕಾರ 2 + 4 + 2 = 8, ನಮ್ಮ ಹತ್ತಿರ ಇರುವುದು 4, ಕೊರತೆ 4. ಅಂದರೆ ಎಲ್ಲ ಬಾಯಿ ಮುಚ್ಚಿ ಒಂದೇ ಜಾಲವಾದಾಗ ಸರಿಯಾಗಿ ಎರಡು ಉಂಗುರ ಬಂದೇ ಬರುತ್ತವೆ. ಒಂದು ಉಂಗುರ ಮಾಡಿ ಮುಗಿಸಲು ಹೆಣಗುತ್ತಿದ್ದರೆ ಈಗಲೇ ನಿಲ್ಲಿಸಬಹುದು.

ಈ ಲೆಕ್ಕ ಸರಿ ಬಂದ ಮಾತ್ರಕ್ಕೆ ಉತ್ತರ ಇದ್ದೇ ಇದೆ ಎಂದಲ್ಲ. ಲೆಕ್ಕ ತಪ್ಪಿದರೆ ಮಾತ್ರ ಉತ್ತರ ಇಲ್ಲವೆಂದು ಖಚಿತ.

ಎಲ್ಲಿಂದ ಶುರು ಮಾಡಬೇಕು?

ಮೂಲೆಯಿಂದ. ಮೂಲೆಯ ಮನೆಗೆ ಒಳಗಡೆ ಎರಡೇ ಬದಿ, ಹಾಗಾಗಿ ಅಲ್ಲಿ ಡೆಡ್ ಎಂಡ್ ಅಥವಾ ತಿರುವು ಮಾತ್ರ ಕೂರುತ್ತದೆ. ಅಂಚಿನ ಮನೆಯಲ್ಲಿ ಮೂರು ಬಾಯಿಗಿಂತ ಹೆಚ್ಚು ಸಾಧ್ಯವಿಲ್ಲ. ನಾಲ್ಕುದಾರಿಗೆ ಒಳಮನೆಯೇ ಬೇಕು. 3 × 3ರಲ್ಲಿ ಅಂಥದ್ದು ನಡುವಿನ ಒಂದೇ, 4 × 4ರಲ್ಲಿ ನಾಲ್ಕು.

ಬಹಳ ಜನ ಇದಕ್ಕೆ ಉಲ್ಟಾ ಆಡುತ್ತಾರೆ: ನಡುವಿನಿಂದ ದಾರಿ ಎಳೆಯುತ್ತಾ ಹೊರಗೆ ಬರುತ್ತಾರೆ, ಕೊನೆಗೆ ಮೂಲೆಯಲ್ಲಿ ಮೂರುದಾರಿ ಕೈಯಲ್ಲಿ ಉಳಿದು ಕೂರುತ್ತದೆ.

ಒಂದು ಪಜಲ್ ಹಂತ ಹಂತವಾಗಿ ಬಿಡಿಸಿ ತೋರಿಸುತ್ತೀರಾ?

ಕಾರ್ಡುಗಳು: 5 ಡೆಡ್ ಎಂಡ್, 3 ಮೂರುದಾರಿ, 1 ತಿರುವು. ಜಾಗ 3 × 3. ಹೊರ ಅಂಚಿನಲ್ಲಿ ಬಾಯಿ ಇರಕೂಡದು, ಎಲ್ಲವೂ ಒಂದೇ ಜಾಲ. ಮನೆಗಳಿಗೆ ಮೇಲಿನ ಸಾಲಿನಲ್ಲಿ 1, 2, 3, ನಡುಸಾಲಿನಲ್ಲಿ 4, 5, 6, ಕೆಳಸಾಲಿನಲ್ಲಿ 7, 8, 9 ಎಂದು ಸಂಖ್ಯೆ ಕೊಡಿ. ಕತ್ತರಿಸಿದ ಒಂಬತ್ತು ಕಾಗದದ ಚೂರು ಸಾಕು, ಪಕ್ಕದಲ್ಲಿಟ್ಟುಕೊಂಡು ಓದಿ.

ಲೆಕ್ಕ ಮೊದಲು: 2 + 3 = 5 ಡೆಡ್ ಎಂಡ್, ಸರಿ ಇದೆ, ಉಂಗುರ ಇರದು. ಒಟ್ಟು ಬಾಯಿ 5 + 9 + 2 = 16, ಅಂದರೆ 8 ಜೋಡಣೆ.

ಈಗ ನಡುಮನೆ 5 ನೋಡಿ. ಮೂರುದಾರಿಗಳು ಮೂಲೆಯಲ್ಲಿ ಕೂರವು, ಅವಕ್ಕೆ ಉಳಿದಿರುವುದು 2, 4, 5, 6, 8. ನಡುವಿನಲ್ಲಿ ಮೂರುದಾರಿ ಇಲ್ಲದಿದ್ದರೆ ಮೂರೂ ಅಂಚಿನ ಮನೆಗಳಿಗೆ ಹೋಗಬೇಕು. ಅಂಚಿನಲ್ಲಿ ಕೂತ ಮೂರುದಾರಿ ತನ್ನ ಮೂರೂ ನೆರೆಮನೆಗೆ ಬಾಯಿ ತೆರೆಯುತ್ತದೆ, ಅದರಲ್ಲಿ ನಡುಮನೆಯೂ ಒಂದು. ಆಗ ನಡುಮನೆಗೆ ಮೂರು ಬಾಯಿ ಬೇಕೇ ಬೇಕು, ಅಲ್ಲಿ ಇಡಲು ಮೂರುದಾರಿ ಉಳಿದಿಲ್ಲ. ಆದ್ದರಿಂದ 5ರಲ್ಲಿ ಮೂರುದಾರಿ. ಇದು ಖಚಿತ.

ಉಳಿದ ಎರಡು ಮೂರುದಾರಿ ಅಂಚಿನಲ್ಲಿ. ಅವು 2 ಮತ್ತು 4ರಂತೆ ಒಂದೇ ಮೂಲೆಗೆ ತಾಗಿ ಕೂತರೆ ಆ ಮೂಲೆಗೆ ಎರಡು ಬಾಯಿ, ಅಲ್ಲಿ ತಿರುವು ಬೇಕಾಗುತ್ತದೆ, 1-2-5-4 ಸುತ್ತಿ ಉಂಗುರವಾಗುತ್ತದೆ. ಉಂಗುರ ಬಂದರೆ ಒಂದು ತುಂಡು ಬೇರೆಯಾಗಿ ಉಳಿಯುತ್ತದೆ. ಇಟ್ಟು ನೋಡಿ: ಎಲ್ಲ ಬಾಯಿ ಮುಚ್ಚಿರುತ್ತದೆ, ಆದರೆ ಎದುರು ಮೂಲೆಯಲ್ಲಿ ಎರಡು ಡೆಡ್ ಎಂಡ್ ಮುಖಾಮುಖಿಯಾಗಿ ತಮ್ಮಷ್ಟಕ್ಕೆ ಕೂತಿರುತ್ತವೆ. ಈ ಪಜಲ್‌ನಲ್ಲಿ ಎಡವುವುದು ಇಲ್ಲೇ.

ಹಾಗಾಗಿ ಮೂರುದಾರಿಗಳು ಎದುರುಬದುರು: 2 ಮತ್ತು 8 ಎನ್ನಿ. 2ರ ಬಾಯಿ 1, 3, 5ಕ್ಕೆ. 8ರ ಬಾಯಿ 7, 9, 5ಕ್ಕೆ. ನಡುಮನೆಯ ಮೂರನೇ ಬಾಯಿ 4ಕ್ಕೆ, ಅಲ್ಲಿ ಡೆಡ್ ಎಂಡ್. ಈಗ 6 ಒಂಟಿ. ಅದು 3 ಅಥವಾ 9ರ ಮೂಲಕ ಸೇರಬೇಕು. 9 ಎನ್ನಿ, ಆಗ 9ರಲ್ಲಿ ತಿರುವು, 6ರಲ್ಲಿ ಕೆಳಗೆ ಬಾಯಿ ಮಾಡಿದ ಡೆಡ್ ಎಂಡ್. 1, 3, 7 ಮೂಲೆಗಳಲ್ಲಿ ಉಳಿದ ಡೆಡ್ ಎಂಡ್. ಮುಗಿಯಿತು.

ಪುಸ್ತಿಕೆಯಲ್ಲಿ "ಒಂದೇ ಉತ್ತರ" ಎಂದಿದೆ, ನನಗೆ ಬೇರೆ ಉತ್ತರ ಸಿಕ್ಕಿದೆ. ಯಾವುದು ತಪ್ಪು?

ನಿಮ್ಮದನ್ನು ಕನ್ನಡಿಯಲ್ಲಿ ನೋಡಿ. ಡೆಡ್ ಎಂಡ್, ನೇರ, ತಿರುವು, ಮೂರುದಾರಿ, ನಾಲ್ಕುದಾರಿ ಐದೂ ಕನ್ನಡಿಯಲ್ಲಿ ಬದಲಾಗದ ಆಕಾರಗಳು. ಸುತ್ತಿಸಿ ಇಟ್ಟರೆ ಮತ್ತೆ ಅದೇ ಕಾರ್ಡ್. ಆದ್ದರಿಂದ ಯಾವ ಉತ್ತರವನ್ನೇ ತೆಗೆದುಕೊಳ್ಳಿ, ಅದರ ಕನ್ನಡಿ ರೂಪವೂ ಉತ್ತರವೇ. ಮೇಲಿನ ಪಜಲ್‌ಗೆ ಹೀಗೆ 8 ಉತ್ತರ: ತಿರುವು ನಾಲ್ಕು ಮೂಲೆಗಳಲ್ಲಿ ಯಾವುದರಲ್ಲಾದರೂ ಕೂರಬಹುದು, ಪ್ರತಿಯೊಂದಕ್ಕೂ ಎರಡು ರೂಪ. ಎಂಟೂ ಒಂದನ್ನೇ ಸುತ್ತಿಸಿದ್ದು ಅಥವಾ ಮಗುಚಿದ್ದು.

ನಿಜವಾಗಿ ಒಂದೇ ಉತ್ತರ ಬೇಕೆಂದರೆ ಮೊದಲೇ ಕೆಲವು ಕಾರ್ಡ್ ಇಟ್ಟು ಕೊಡಬೇಕು. ಇಲ್ಲಿ 9ರಲ್ಲಿ ತಿರುವು ಇಟ್ಟರೆ ಉತ್ತರ ಎರಡಕ್ಕೆ ಇಳಿಯುತ್ತದೆ, ಜೊತೆಗೆ 6ರಲ್ಲಿ ಡೆಡ್ ಎಂಡ್ ಇಟ್ಟರೆ ಒಂದಕ್ಕೆ. ಸುಳಿವು ಕಾರ್ಡ್ ಇಲ್ಲದೆ "ಒಂದೇ ಉತ್ತರ" ಎನ್ನುವ ಪುಸ್ತಿಕೆ, ಸುತ್ತಿಸಿದ್ದನ್ನೂ ಮಗುಚಿದ್ದನ್ನೂ ಒಂದೆಂದು ಎಣಿಸುತ್ತಿದೆ ಎಂದಾದರೂ ಬರೆಯಬೇಕು. ಬರೆಯದಿರುವುದು ಆಡುವವರಿಗೆ ಮಾಡುವ ಅನ್ಯಾಯ. ಸರಿಯಾದ ಉತ್ತರ ಕೈಯಲ್ಲಿಟ್ಟುಕೊಂಡು ತಪ್ಪೆಂದು ಕಲಸಿಬಿಡುತ್ತಾರೆ.

ಕವಲಿಲ್ಲದ ಒಂದೇ ದಾರಿ ಎಲ್ಲ ಮನೆಯನ್ನೂ ಹಾಯಬೇಕು ಎಂಬ ಬಗೆಯ ಪಜಲ್ ಹೇಗೆ?

ಇದಕ್ಕೆ 2 ಡೆಡ್ ಎಂಡ್, ಉಳಿದದ್ದೆಲ್ಲ ನೇರ ಮತ್ತು ತಿರುವು. ಇಲ್ಲಿ ಚದುರಂಗದ ಹಾಸಿನಂತೆ ಮನೆಗಳಿಗೆ ಕಪ್ಪು-ಬಿಳಿ ಬಣ್ಣ ಕೊಟ್ಟುಕೊಳ್ಳಿ. ದಾರಿ ಪ್ರತಿ ಹೆಜ್ಜೆಗೂ ಬಣ್ಣ ಬದಲಿಸುತ್ತದೆ. 3 × 3ರಲ್ಲಿ ಮೂಲೆಗಳೂ ನಡುಮನೆಯೂ ಸೇರಿ 5 ಕಪ್ಪು, 4 ಬಿಳಿ. ಆದ್ದರಿಂದ ದಾರಿಯ ಎರಡೂ ತುದಿ ಕಪ್ಪಿನಲ್ಲೇ ಇರಬೇಕು. ಅಂಚಿನ ನಡುವಿನ ಮನೆಯಿಂದ ಹೊರಟರೆ ಎಂದಿಗೂ ಮುಗಿಯದು. 4 × 4ರಲ್ಲಿ ಕಪ್ಪು 8, ಬಿಳಿ 8, ತುದಿಗಳ ಬಣ್ಣ ಬೇರೆ ಬೇರೆ ಇರಬೇಕು. ಎದುರುಬದುರು ಮೂಲೆಗಳ ಬಣ್ಣ ಒಂದೇ ಆದ್ದರಿಂದ ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗುವ ದಾರಿ ಇಲ್ಲ. 3 × 4ರಲ್ಲಿ ಇದೆ. ಒಂಬತ್ತು ಮನೆಯನ್ನೂ ಹಾಯ್ದು ಹೊರಟಲ್ಲಿಗೇ ಬರುವ ಉಂಗುರವೂ ಸಾಧ್ಯವಿಲ್ಲ, ಉಂಗುರಕ್ಕೆ ಸರಿಸಂಖ್ಯೆಯ ಮನೆ ಬೇಕು.

2 ಡೆಡ್ ಎಂಡ್, 4 ತಿರುವು, 3 ನೇರ ತೆಗೆದುಕೊಂಡು 3 × 3ರಲ್ಲಿ ಇಟ್ಟು ನೋಡಿ. ಹಾವಿನಂತೆ ಮೂರು ಸಾಲು ಹಾಯ್ದು ಎದುರು ಮೂಲೆಯಲ್ಲಿ ನಿಲ್ಲುವ ದಾರಿಯೂ ಆಗುತ್ತದೆ, ಅದೇ ಕಾರ್ಡುಗಳಲ್ಲಿ ಹೊರಗಿನಿಂದ ಸುತ್ತಿ ನಡುಮನೆಯಲ್ಲಿ ನಿಲ್ಲುವ ಚಕ್ಕುಲಿ ಸುತ್ತೂ ಆಗುತ್ತದೆ.

ಇಬ್ಬರು ಎದುರಾಳಿಗಳಾಗಿ ಆಡಬಹುದೇ?

ಆಡಬಹುದು, ಆದರೆ ಕಟ್ಟಿನ ಮಿಶ್ರಣ ಬೇರೆ ಬೇಕು. ಕಟ್ಟಿನಿಂದ ಒಂದೊಂದೇ ಎತ್ತಿ ಇಡುವಾಗ ತೆರೆದ ಬಾಯಿಗಳ ಸಂಖ್ಯೆಯನ್ನು ಗಮನಿಸಿ. ಒಂದು ಕಡೆ ಮಾತ್ರ ಜೋಡಿಸಿದರೆ ಡೆಡ್ ಎಂಡ್ ಒಂದು ಬಾಯಿ ಕಡಿಮೆ ಮಾಡುತ್ತದೆ, ನೇರ ಮತ್ತು ತಿರುವು ಇದ್ದಷ್ಟೇ ಉಳಿಸುತ್ತವೆ, ಮೂರುದಾರಿ ಒಂದು, ನಾಲ್ಕುದಾರಿ ಎರಡು ಹೆಚ್ಚಿಸುತ್ತವೆ. ಒಂದೇ ಕಾರ್ಡ್ ಎರಡು ಕಡೆ ಜೋಡಣೆಯಾದರೆ ಇನ್ನೂ ಎರಡು ಕಡಿಮೆ. ಡೆಡ್ ಎಂಡ್ ಜಾಸ್ತಿ ಇರುವ ಕಟ್ಟಿನಲ್ಲಿ ಐದಾರು ಕಾರ್ಡಿಗೇ ದಾರಿ ಮುಚ್ಚಿ ಆಟ ನಿಲ್ಲುತ್ತದೆ. ಪರಿಹಾರ ಸುಲಭ: ಮೊದಲ ಕಾರ್ಡಾಗಿ ನಾಲ್ಕುದಾರಿ ಇಡಿ, ಡೆಡ್ ಎಂಡ್‌ಗಳನ್ನು ಕಟ್ಟಿನ ಕೆಳಗಿನ ಅರ್ಧದಲ್ಲಿ ಕಲಸಿ.

ಕಾರ್ಡೇ ಇಲ್ಲದೆ ಕಾಗದದ ಮೇಲೆ ಆಡುವ ಇಬ್ಬರ ಆಟವೊಂದಿದೆ, ವಿಲಿಯಂ ಬ್ಲ್ಯಾಕ್ 1960ರಲ್ಲಿ ರೂಪಿಸಿದ್ದು; ಇಬ್ಬರೂ ಸರದಿಯಂತೆ ಒಂದೇ ದಾರಿಯನ್ನು ಬೆಳೆಸುತ್ತಾರೆ, ಅದನ್ನು ಹಾಸಿನ ಅಂಚಿಗೆ ಮುಟ್ಟಿಸಿದವರು ಸೋಲುತ್ತಾರೆ. ಹಾಸಿನ ಒಂದು ಬದಿಯಾದರೂ ಸರಿಸಂಖ್ಯೆಯದಾದರೆ ಮೊದಲು ಆಡುವವರು ಖಂಡಿತ ಗೆಲ್ಲಬಹುದು: ಮನೆಗಳನ್ನು ಎರಡೆರಡಾಗಿ ಜೋಡಿ ಮಾಡಿಕೊಂಡು, ದಾರಿಯ ತುದಿ ಯಾವಾಗಲೂ ಒಂದು ಜೋಡಿಯ ನಡುಗೆರೆಯ ಮೇಲೆ ನಿಲ್ಲುವಂತೆ ಆಡಿದರೆ ಸಾಕು. ಎರಡೂ ಬದಿ ಬೆಸವಾದರೆ ಗೆಲುವು ಎರಡನೆಯವರದು. ಈ ಗುಟ್ಟು ಗೊತ್ತಾದ ಮೇಲೆ ಆಟದಲ್ಲಿ ಸ್ವಾರಸ್ಯ ಉಳಿಯದು, ಕಾರ್ಡ್ ಕಲಸುವ ಆಟಗಳು ಬಾಳುವುದು ಅದಕ್ಕೇ.

ಸಿದ್ಧ ಆಟಗಳಲ್ಲಿ ಯಾವುದು ತೆಗೆದುಕೊಳ್ಳಲಿ?

ಬೇಕಾದ್ದು ಒಂಟಿ ಪಜಲ್ ಆದರೆ ಸ್ಪ್ರಾಲೊಪೊಲಿಸ್. ಬರೀ 18 ಕಾರ್ಡ್. ಮೂರನ್ನು ಮಗುಚಿ ಆ ಸಲದ ಗುರಿಗಳನ್ನಾಗಿ ಮಾಡಿಕೊಳ್ಳುತ್ತಾರೆ, ಆ ಮೂರರ ಮೇಲಿನ ಸಂಖ್ಯೆಗಳ ಮೊತ್ತವೇ ದಾಟಬೇಕಾದ ಅಂಕ, ಉಳಿದ 15ರಲ್ಲಿ ಊರು ಕಟ್ಟಬೇಕು. ಪ್ರತಿ ಬಿಡಿ ರಸ್ತೆಗೂ ಒಂದು ಅಂಕ ಕಳೆಯುತ್ತದೆ. ಆದ್ದರಿಂದ ರಸ್ತೆಗಳನ್ನು ಒಂದಕ್ಕೊಂದು ಸೇರಿಸುವುದೇ ಅರ್ಧ ಆಟ. ಸಣ್ಣ ಕಟ್ಟಿನಲ್ಲಿ ಇಷ್ಟು ಬದಲಾವಣೆ ತರುವ ಆಟ ನಮ್ಮ ಲೆಕ್ಕದಲ್ಲಿ ಬಹಳ ಕಡಿಮೆ.

ಜನ ಜಾಸ್ತಿ ಇದ್ದರೆ ತ್ಸುರೋ, 2ರಿಂದ 8 ಮಂದಿ, 6 × 6 ಹಾಸು. ಕಲಿಸಲು ಎರಡು ನಿಮಿಷ ಸಾಕು, ಆದರೆ ಎಂಟು ಮಂದಿ ಕೂತಾಗ ಯೋಜನೆಗಿಂತ ಅದೃಷ್ಟ ಹೆಚ್ಚು. 2004ರ ಸ್ಯಾಬೊಟರ್‌ನಲ್ಲಿ 44 ದಾರಿ ಕಾರ್ಡ್ ಇದ್ದರೂ ಅದರ ಜೀವಾಳ ಯಾರು ದ್ರೋಹಿ ಎಂದು ಊಹಿಸುವುದರಲ್ಲಿದೆ. ಪಜಲ್ ಎಂದು ಕೊಂಡರೆ ನಿರಾಸೆ ಆಗುತ್ತದೆ.

ಮನೆಯಲ್ಲೇ ಕಾರ್ಡ್ ಮಾಡಿಕೊಳ್ಳುವುದು ಹೇಗೆ?

65 ಮಿ.ಮೀ. ಚೌಕ ಇಟ್ಟುಕೊಳ್ಳಿ. ಎ4 ಹಾಳೆಯಲ್ಲಿ ಮೂರು ಸಾಲಿನಂತೆ 12 ಕಾರ್ಡ್ ಕೂರುತ್ತವೆ, ಪಕ್ಕಗಳಲ್ಲಿ 7.5 ಮಿ.ಮೀ. ಬಿಡುವು ಸಿಗುತ್ತದೆ. 70 ಮಿ.ಮೀ. ಮಾಡಿದರೆ ಅಗಲ ಸರಿಯಾಗಿ 210 ಆಗಿ, ಪ್ರಿಂಟರ್ ಅಂಚುಗಳನ್ನು ನುಂಗುತ್ತದೆ. ಪ್ರಿಂಟ್ ಕೊಡುವಾಗ ಪುಟಕ್ಕೆ ಹೊಂದಿಸುವ ಆಯ್ಕೆ ತೆಗೆದು 100% ಇಡಿ, ಇಲ್ಲದಿದ್ದರೆ ಒಂದು ಹಾಳೆಯ ಕಾರ್ಡ್ ಇನ್ನೊಂದರ ಕಾರ್ಡಿಗೆ ಹೊಂದದು. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಇದ್ದರೆ ಚೆನ್ನ.

ದಾರಿಯ ಅಗಲ 12 ಮಿ.ಮೀ. ಇರಲಿ, ಪ್ರತಿ ಬದಿಯ ನಟ್ಟನಡುವೆ, ಅಂದರೆ ಮೂಲೆಯಿಂದ 32.5 ಮಿ.ಮೀ.ಗೆ ಅದರ ನಡುಗೆರೆ ಬರಲಿ. ಕತ್ತರಿಸುವಾಗ ಒಂದು ಮಿ.ಮೀ. ಆಚೀಚೆ ಆಗುವುದು ಸಹಜ. ಅಗಲ ದಾರಿಯಲ್ಲಿ ಅದು ಕಾಣದು, 3 ಮಿ.ಮೀ.ಯ ತೆಳು ಗೆರೆಯಾದರೆ ಪ್ರತಿ ಜೋಡಣೆಯಲ್ಲೂ ಮುರಿದಂತೆ ಕಾಣುತ್ತದೆ. ಕಾರ್ಡಿನ ಮೇಲೆ ಅಕ್ಷರ, ಮರ, ಮನೆಯ ಚಿತ್ರ ಬೇಡ. ಮೇಲು-ಕೆಳಗು ಇರುವ ಚಿತ್ರ ಕಂಡ ಕೂಡಲೇ ಕೈ ಕಾರ್ಡನ್ನು ನೆಟ್ಟಗೆ ಇಡಲು ಹೋಗುತ್ತದೆ, ಸುತ್ತಿಸಬಹುದು ಎಂಬುದೇ ಮರೆಯುತ್ತದೆ. ದಾರಿಗೆ ಎರಡು ಬಣ್ಣ ಬಳಸುವುದಾದರೆ ಕೆಂಪು-ಹಸಿರು ಜೋಡಿ ಬಿಡಿ, ಒಂದನ್ನು ಚುಕ್ಕೆಗೆರೆ ಮಾಡಿ. ಬಣ್ಣ ಗುರುತಿಸಲಾಗದವರೂ ಆಡಬಹುದು.

ಹೊಸ ಪಜಲ್ ಹೊಸೆಯಲು ಉತ್ತರದಿಂದ ಹಿಂದಕ್ಕೆ ಬನ್ನಿ. 3 × 3 ಗೆರೆ ಹಾಕಿದರೆ ಒಳಗೆ 12 ಅಂಚು ಇರುತ್ತವೆ. ಒಂಬತ್ತು ಮನೆಯೂ ಉಂಗುರವಿಲ್ಲದೆ ಸೇರುವಂತೆ ಅದರಲ್ಲಿ 8ನ್ನು ತೆರೆಯಿರಿ. ಪ್ರತಿ ಮನೆಗೆ ಯಾವ ಯಾವ ಬದಿಯಲ್ಲಿ ಬಾಯಿ ಬಂತು ಎಂದು ಬರೆದುಕೊಂಡರೆ ಕಾರ್ಡ್ ಪಟ್ಟಿ ಸಿದ್ಧ.

ಒಂದು ಕಾರ್ಡ್ ಕಳೆದುಹೋಗಿದೆ, ಯಾವುದೆಂದು ನೆನಪಿಲ್ಲ. ಏನು ಮಾಡಲಿ?

ಪಜಲ್ ಉಂಗುರವಿಲ್ಲದ ಬಗೆಯದಾದರೆ ಮೇಲಿನ ಸೂತ್ರವೇ ಹೇಳುತ್ತದೆ. ಉಳಿದ ಎಂಟರಲ್ಲಿ 5 ಡೆಡ್ ಎಂಡ್, 2 ಮೂರುದಾರಿ, 1 ತಿರುವು ಇದ್ದರೆ 2 + 2 = 4, ಡೆಡ್ ಎಂಡ್ ಒಂದು ಹೆಚ್ಚು; ಹೋಗಿರುವುದು ಮೂರುದಾರಿ. ಡೆಡ್ ಎಂಡ್ ಒಂದು ಕಡಿಮೆ ಬಂದರೆ ಹೋಗಿರುವುದು ಡೆಡ್ ಎಂಡ್, ಎರಡು ಹೆಚ್ಚು ಬಂದರೆ ನಾಲ್ಕುದಾರಿ. ಸೂತ್ರ ಸರಿಯಾಗಿಯೇ ಕೂತರೆ ಹೋಗಿರುವುದು ನೇರ ಅಥವಾ ತಿರುವು. ಇವೆರಡಕ್ಕೂ ಬಾಯಿ ಎರಡೇ ಆದ್ದರಿಂದ ಲೆಕ್ಕ ಬಿಡಿಸಿ ಹೇಳದು, ಇಟ್ಟೇ ನೋಡಬೇಕು. 5 ಡೆಡ್ ಎಂಡ್, 3 ಮೂರುದಾರಿಯ ಜೊತೆಗೆ ನೇರ ಇಟ್ಟರೆ 3 × 3 ಎಲ್ಲೂ ಮುಚ್ಚುವುದಿಲ್ಲ, ಹಾಗಾಗಿ ಆ ಕಟ್ಟಿನಲ್ಲಿ ಕಳೆದದ್ದು ತಿರುವೇ. ಅದೇ ಅಳತೆಯ ಒಂದು ಚೂರು ಕತ್ತರಿಸಿ, ಎರಡು ಬಾಯಿ ಬರೆದು ಸೇರಿಸಿಕೊಳ್ಳಿ.